ತಮ್ಮ ಕತ್ತಿಯ ದೆಸೆಯಿಂದ ನಮ್ಮ ತಾಯಿ ತೀರಿಕೊಂಡ ವಿಚಾರ

ಮಹಾರಾಜ ಠೀವಿ ಪುರುಷಾಲಂಕಾರ ಸಂಸ್ಥೆಯ ಮಾನ್ಯ ವ್ಯವಸ್ಥಾಪಕರೇ,

ವಾಡಿ ಜಂಕ್ಷನ್ನಿನ ನೆರೆಯ ರಾವೂರಿನಿಂದ, ಕಲ್ಲುಗಣಿಯ ಧೂಳನ್ನು ಉಪ್ಪಿನಕಾಯಿಯಂತೆ ಎರಡು ಹೊತ್ತೂ ಊಟದ ಜೊತೆ ಸೇವಿಸುವ ಅಮೃತಪ್ಪನೆಂಬ ತಮ್ಮ ಗಿರಾಕಿಯು ಮಾಡುವ ಅನಂತಾನಂತ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ನನ್ನ ಮೀಸೆಯೊಂದನ್ನು ಬಿಟ್ಟು ಮನೆಯ ಉಳಿದ ಸಾಮಾನೆಲ್ಲ ಇದ್ದ ಜಾಗದಲ್ಲೇ ಇದೆ. ನನ್ನ ತಾಯಿ ಭೀಮಬಾಯಿಯೂ ಜೀವಂತವಾಗಿದ್ದಾಳೆ. ಕೇಳದೆಯೇ ಇದನ್ನು ಏಕೆ ಹೇಳುತ್ತಿದ್ದೇನೆಂಬುದು ತಮಗೆ ಮುಂದೆ ತಿಳಿಯುತ್ತದೆ. ತಾವು ಕ್ಷೌರದ ಕತ್ತಿಯನ್ನು ಮಾರುತ್ತೀರೇ ಹೊರತು ಬಳಸುವುದಿಲ್ಲವಾದ್ದರಿಂದ ತಾವೂ ಕ್ಷೇಮವಾಗಿಯೇ ಇರುತ್ತೀರೆಂದು ನಂಬಿದ್ದೇನೆ.

ಇಷ್ಟು ವರ್ಷ ನಾನು ವಾಡಿಯ ಹಣಮಪ್ಪನ ಅಂಗಡಿಯಲ್ಲಿ, ಅರ್ಧ ಬ್ಲೇಡು ಮುರಿದು ಹಾಕಿದ ಕತ್ತಿಗೆ ಗಲ್ಲ ಒಡ್ಡಿ, ಊರ ಸುದ್ದಿ ಕೇಳುತ್ತಾ ನಿದ್ದೆ ಹೋಗುವ ಹೀನ ಬದುಕನ್ನು ಬದುಕುತ್ತಿದ್ದೆ. ಅದು ಹೀನವೆಂದು ನನಗೆ ಗೊತ್ತಿರಲಿಲ್ಲ. ನನ್ನ ಮೊಬೈಲಿನಲ್ಲಿ ದಿನಾ ಬಂದು 'ನಿಮ್ಮ ಅಜ್ಜನ ಠೀವಿ ಇನ್ನು ನಿಮ್ಮ ಕೈಯಲ್ಲಿ' ಎಂದು ಎಚ್ಚರಿಸಿದವರು ತಾವೇ. ನನ್ನ ಅಜ್ಜ ಎದೆಯ ತನಕ ಗಡ್ಡ ಬಿಟ್ಟುಕೊಂಡು ಕುರಿ ಕಾಯ್ದವನು, ಅವನಿಗೆ ಕತ್ತಿಯ ಗೊಡವೆಯೇ ಇರಲಿಲ್ಲ ಎಂಬುದು ತಮಗೆ ತಿಳಿಯದ ಸಂಗತಿಯಾದ್ದರಿಂದ ಅದನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ತಮ್ಮ ಜಾಲತಾಣದಲ್ಲಿ ಮೊದಲ ಕತ್ತಿಯನ್ನು ಆರಿಸುವಾಗ ಸಿಕ್ಕ ಮರ್ಯಾದೆ ನನಗೆ ಹೆಣ್ಣು ನೋಡಲು ಹೋದಾಗಲೂ ಸಿಕ್ಕಿರಲಿಲ್ಲ. ಚರ್ಮ ಯಾವ ಬಗೆಯದು, ಗಡ್ಡ ಒರಟೋ ಮೆದುವೋ, ಅಲಗು ಎಷ್ಟು ಅಗಲವಿರಬೇಕು, ಹಿಡಿ ಕೊಂಬಿನದೋ ಕಟ್ಟಿಗೆಯದೋ ಎಂದು ಒಂದೊಂದಾಗಿ ವಿಚಾರಿಸಿದಿರಿ. ಅಲಗಿನ ತುದಿಯ ಮೂಲೆ ದುಂಡಗಿದ್ದರೆ ಹೊಸಬರಿಗೆ ಒಳ್ಳೆಯದು, ಚೂಪಾಗಿದ್ದರೆ ಅನುಭವಿಗಳಿಗೆ ಎಂದೂ ಬರೆದಿದ್ದಿರಿ. ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಸುಪರ್ವೈಸರನಾಗಿ, ಬಂಡೆಗಳನ್ನೇ ಕನ್ನಡಿ ಮಾಡಿಸುವ ಮನುಷ್ಯ ತನ್ನನ್ನು ಹೊಸಬನೆಂದು ಒಪ್ಪಿಕೊಂಡಾನೆಯೇ? ಚೂಪು ಮೂಲೆಯದನ್ನೇ ಒತ್ತಿದೆ. ತಕ್ಷಣ 'ಅತ್ಯುತ್ತಮ ಆಯ್ಕೆ' ಎಂದು ಹಸಿರು ಅಕ್ಷರದಲ್ಲಿ ಮೂಡಿತು. ನನ್ನ ಮದುವೆಯ ಬಗ್ಗೆಯೂ ಇದುವರೆಗೆ ಯಾರೂ ಹಾಗೆ ಅಂದಿಲ್ಲವೆಂದು ಹೆಂಡತಿ ಉಮಾದೇವಿಗೆ ಹೇಳಿದ್ದರಿಂದ ಆ ದಿನ ರಾತ್ರಿ ತಣ್ಣನೆಯ ಸಾರು ಉಣ್ಣಬೇಕಾಯಿತು.

ಪೆಟ್ಟಿಗೆ ಬಂತು. ಕತ್ತಿ, ಅದನ್ನು ಎಳೆದು ಹದ ಮಾಡುವ ಚರ್ಮದ ಪಟ್ಟಿ, ಚಂದನದ ಸಾಬೂನು, ಪಟಿಕದ ಗಟ್ಟಿ, ಯಾವುದೋ ಪರದೇಶದ ಪ್ರಾಣಿಯ ಕೂದಲಿನ ಬ್ರಶ್ಶು. ಆ ಪ್ರಾಣಿಗೂ ನನಗೂ ಈಗ ಒಂದೇ ದುಃಖ. ಸಾಬೂನಿನಿಂದ 'ಮೋಡದಂಥ ನೊರೆ' ಏಳುತ್ತದೆಂದು ತಾವು ಬರೆದಿದ್ದಿರಿ. ನಮ್ಮ ಬೋರಿನ ನೀರು ಸುಣ್ಣಕಲ್ಲಿನ ಹೊಟ್ಟೆಯಿಂದ ಬರುವುದರಿಂದ ಅದು ಒಡೆದ ಹಾಲಿನಂತೆ ಗಂಟುಗಟ್ಟಿ ಗಲ್ಲದಿಂದ ಜಾರಿತು. ಪಟ್ಟಿಯ ಮೇಲೆ ಕತ್ತಿಯನ್ನು ಬೆನ್ನು ಮುಂದಾಗಿ ಎಳೆಯಬೇಕೆಂಬ ಸೂಚನೆ ಇತ್ತಂತೆ. ನಾನು ಕುಡುಗೋಲು ಮಸೆದ ಕೈಯವನು, ಅಲಗನ್ನೇ ಮುಂದೆ ಮಾಡಿ ಎಳೆದೆ. ಪಟ್ಟಿ ಎರಡು ತುಂಡಾಯಿತು. ಕತ್ತಿಯೂ ಮೊಂಡಾಯಿತು.

ಇಲ್ಲಿ ತಮ್ಮ ತಪ್ಪಿಲ್ಲವೆಂದು ತಾವು ವಾದಿಸುವ ಘಟ್ಟ ಬರುತ್ತದೆ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಸಾಣೆಕಲ್ಲನ್ನು ಬೇರೆಯಾಗಿ ಕೊಳ್ಳಿ ಎಂದು ತಾವು ಹೇಳಿದ್ದಿರಿ. ಶಹಾಬಾದದ ಕಲ್ಲು ನೆಲಕ್ಕೆ, ಗೋಡೆಗೆ, ಕಟ್ಟೆಗೆ, ಕೊನೆಗೆ ದನದ ಗೋದಲಿಗೂ ಇರುವ ಸೀಮೆಯವನಿಗೆ ಕಲ್ಲು ಕೊಂಡುಕೊಳ್ಳಿ ಎನ್ನುವುದು ಮೀನಿಗೆ ನೀರು ಮಾರಿದಂತೆ. ನಮ್ಮ ಕಾರ್ಖಾನೆಯಲ್ಲೇ ಹೊಳಪು ಪಡೆದು ಬಂದ ಪಡಸಾಲೆಯ ಫರ್ಸಿಗಲ್ಲಿನ ಮೇಲೆ ನೀರು ಚಿಮುಕಿಸಿ, ಕುಕ್ಕರಗಾಲಿನಲ್ಲಿ ಕುಳಿತು, ಮನಸಾರೆ ಮಸೆದೆ. ಅಲಗಿಗೆ ಗರಗಸದ ಹಲ್ಲು ಮೂಡಿದವು. ಆ ಹಲ್ಲು ಮತ್ತು ತಾವು ಮೆಚ್ಚಿದ ಆ ಚೂಪು ಮೂಲೆ ಎರಡೂ ಸೇರಿ ನನ್ನ ಮೀಸೆಯ ಎಡಭಾಗವನ್ನು ಒಂದೇ ಎಳೆತಕ್ಕೆ ಕಿತ್ತುಕೊಂಡವು. ಆಮೇಲೆ ಬಲಕ್ಕಿಷ್ಟು, ಎಡಕ್ಕಿಷ್ಟು ಎಂದು ಬೆಣ್ಣೆ ಹಂಚಿದ ಕೋತಿಯಂತೆ ಸಮ ಮಾಡುತ್ತಾ ಹೋದೆ. ಬೆಣ್ಣೆ ಮುಗಿಯಿತು.

ಮೀಸೆ ಹೋದರೆ ಮತ್ತೆ ಬರುತ್ತದೆ, ಇದಕ್ಕೆ ಇಷ್ಟುದ್ದ ಪತ್ರವೇ ಎಂದು ತಮಗೆ ಅನ್ನಿಸಬಹುದು. ಆದರೆ ನಮ್ಮ ಮಂದಿಯಲ್ಲಿ ಗಂಡುಮಕ್ಕಳು ಮೀಸೆ ತೆಗೆಯುವುದು ಹೆತ್ತವರು ತೀರಿಕೊಂಡಾಗ ಮಾತ್ರ. ನನ್ನ ತಂದೆಯ ಪಾಲಿನದು ಎಂದೋ ಆಗಿಹೋಗಿತ್ತು, ಉಳಿದದ್ದು ತಾಯಿಯದು. ಹೀಗಾಗಿ ನನ್ನ ಬೋಳು ತುಟಿ ಕಂಡವರಿಗೆ ಬೇರೆ ಪುರಾವೆ ಬೇಕಾಗಿಲ್ಲ. ಎದುರಿಗೆ ನಿಂತು 'ಯಾರು ಹೋದರು' ಎಂದು ಕೇಳುವುದು ಮರ್ಯಾದೆಯಲ್ಲ. ಸಾವಿನ ಮನೆಗೆ ಕರೆಯುವ ಪದ್ಧತಿಯೂ ಇಲ್ಲ, ಕರೆಯದೆಯೇ ಹೋಗಿ ಅತ್ತು ಬರಬೇಕು.

ಇನ್ನೊಂದು ವಿಷಯವೂ ತಮಗೆ ತಿಳಿದಿರಲಿ. ಚಂದ್ರಂಪಳ್ಳಿ ಜಲಾಶಯದಲ್ಲಿ ನೌಕರಿಯಲ್ಲಿರುವ, ಚಿಂಚೋಳಿಯಲ್ಲಿ ಮನೆ ಮಾಡಿಕೊಂಡಿರುವ ನನ್ನ ತಮ್ಮ ರಮೇಶಕುಮಾರ ನಮ್ಮೊಡನೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ನನ್ನ ಮಗಳ ಮದುವೆಯಲ್ಲಿ ಬೀಗರು ಬಟ್ಟೆ ಕೊಟ್ಟು ಆಹೇರಿ ಮಾಡುವಾಗ ಮೈಕಿನಲ್ಲಿ ಅವನಿಗಿಂತ ಮೊದಲು ನನ್ನ ಹೆಂಡತಿಯ ತಮ್ಮನ ಹೆಸರು ಕೂಗಿದರೆಂದು, ಕೊಟ್ಟ ಟವೆಲನ್ನು ಕುರ್ಚಿಯ ಮೇಲಿಟ್ಟು ಉಣ್ಣದೆ ಎದ್ದು ಹೋದವನು ಮತ್ತೆ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಅವ್ವನೂ ಅವನ ತಾಯಿಯೇ ತಾನೇ, ಹಟದಲ್ಲಿ ಒಂದು ಕೈ ಮೇಲೆ. "ಕರೀದೆ ಮಗನ ಮನಿಗೂ ಹೋಗಬಾರ್ದು. ಅಂವ ಒಂದ್ ಮಾತು 'ಬಾ' ಅನ್ಲಿ, ನಡ್ಕೋತ ಹೋಗ್ತೀನಿ" ಎಂದು ಕುಳಿತಿದ್ದಳು. ಕುಳಿತಿದ್ದಳೇನೋ ನಿಜ, ಆದರೆ ಚಿಂಚೋಳಿ ಕಡೆಯ ಬಸ್ಸು ನಿಂತ ಸಪ್ಪಳವಾದರೆ ಸಾಕು, ಕೈಯಲ್ಲಿದ್ದ ಮೊರ ಕೆಳಗಿಟ್ಟು ರಸ್ತೆ ನೋಡುತ್ತಿದ್ದಳು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಮೀಸೆ ಹೋದ ಸಂಜೆ ಧೂಳಿಗೆಂದು ತಲೆಗೆ ಬಿಳಿ ಟವೆಲು ಸುತ್ತಿಕೊಂಡು ರಸ್ತೆಯ ಬದಿಗೆ ನಿಂತಿದ್ದೆ. ಸೇಡಮ್ಮಿಗೆ ಹೊರಟ ಬಸ್ಸಿನ ಕಿಟಕಿಯಿಂದ ನಮ್ಮ ನೆಂಟ ರೇವಣಪ್ಪ ನನ್ನನ್ನು ನೋಡಿದ. ನಾನು ಕೈ ಎತ್ತಿದೆ. ಅವನು ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ಪಾಪ, ಎದೆಯುರಿ ಇರಬೇಕೆಂದುಕೊಂಡು ನಾನು ಮನೆಗೆ ಬಂದೆ. ಬಸ್ಸು ಚಿತ್ತಾಪುರ ದಾಟುವಷ್ಟರಲ್ಲಿ ಅವನು ಸೇಡಮ್ಮಿಗೂ ಚಿಂಚೋಳಿಗೂ ಫೋನು ಮಾಡಿ ಮುಗಿಸಿದ್ದ. ತಮ್ಮ ಜಾಹೀರಾತಿಗೂ ಅಷ್ಟು ವೇಗವಿಲ್ಲ.

ಮರುದಿನ ಬೆಳಿಗ್ಗೆ ಸೇಡಮ್ಮಿನ ನೆಂಟರ ಹೆಣ್ಣುಮಕ್ಕಳು ಟಂಟಂ ಆಟೋದಿಂದ ಇಳಿದವರೇ ಬಾಯಿಗೆ ಸೆರಗು ಹಚ್ಚಿ ಗೋಳಾಡುತ್ತಾ ಬಂದರು. ಅವ್ವ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅಳುತ್ತಾ ಬಂದವರನ್ನು ಕಂಡು, ಯಾರೋ ನಮ್ಮವರೇ ಹೋಗಿರಬೇಕೆಂದು, ಕೇಳುವುದು ಮರ್ಯಾದೆಯಲ್ಲವಾದ್ದರಿಂದ ತಾನೂ ಒಬ್ಬಳ ಕೊರಳು ತಬ್ಬಿ ಅಳತೊಡಗಿದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುವವರಿಗೆ ತಬ್ಬಿದವಳು ಯಾರೆಂದು ಹೇಗೆ ತಿಳಿಯಬೇಕು? ಎಲ್ಲರೂ ಸೇರಿ ಸಾಕಷ್ಟು ಅತ್ತರು. ಕೊನೆಗೆ ಅವ್ವನೇ ಮೂಗು ಒರೆಸಿಕೊಂಡು, "ಭಾಳ ಕೆಟ್ಟ ಆಯ್ತವ್ವಾ. ಖರೆ, ಯಾರು ಹೋದ್ರು?" ಎಂದಳು. ಸೆರಗು ಸರಿಸಿ ನೋಡಿದವರಲ್ಲಿ ಇಬ್ಬರು ಚಪ್ಪಲಿ ಬಿಟ್ಟು ಬೇವಿನ ಗಿಡದ ತನಕ ಓಡಿದರು.

ಅಷ್ಟರಲ್ಲಿ ರಮೇಶಕುಮಾರ ಬಂದ. ಒಂದು ಫೋನು ಮಾಡಿ ಖಾತ್ರಿ ಮಾಡಿಕೊಳ್ಳಬಾರದಿತ್ತೇ ಎಂದು ತಾವು ಕೇಳಬಹುದು. ಮಾತು ಬಿಟ್ಟವನು ಫೋನು ಹೇಗೆ ಮಾಡುತ್ತಾನೆ ಸ್ವಾಮಿ? ಕೈಯಲ್ಲಿ ಶಾವಂತಿಗೆಯ ಹಾರ, ಅಂಗಿಯ ಗುಂಡಿ ಮೇಲೆ ಕೆಳಗೆ. ಹೊಸ್ತಿಲಿಗೆ ಬಿದ್ದು "ಅವ್ವಾ, ನನ್ ಮಾರಿ ನೋಡದಂಗ ಹೋದ್ಯಲ್ಲಬೇ" ಎಂದು ಹಣೆ ಚಚ್ಚಿಕೊಂಡ. ಅವ್ವ ಅವನ ಹಿಂದೆಯೇ ನಿಂತಿದ್ದಳು. ಅವನ ಕೈಯಿಂದ ಹಾರ ತೆಗೆದುಕೊಂಡು, "ಸತ್ತೀನಂತ ಕೇಳಿ ಇಷ್ಟ್ ದೂರ ಓಡಿ ಬಂದಿ. ಇದ್ದೀನಂತ ಗೊತ್ತಿತ್ತಲ್ಲೋ, ಆಗ ಬರಾಕ ಏನಾಗಿತ್ತು?" ಎಂದಳು. ಹಾರ ದಂಡವಾಗಬಾರದೆಂದು ಅಪ್ಪನ ಫೋಟೋಗೆ ಹಾಕಿ, "ಕುಂದ್ರು, ರೊಟ್ಟಿ ಬಡೀತೀನಿ" ಎಂದು ಒಳಗೆ ಹೋದಳು.

ಅವನು ಉಂಡ. ಪುಂಡಿಪಲ್ಯಕ್ಕೆ ಖಾರ ಹೆಚ್ಚಾಯಿತೆಂದು ನೆಪ ಹೇಳಿ ಕಣ್ಣೊರೆಸಿಕೊಂಡ. ಸಂಜೆ ಹೊರಟಾಗ ಚಪ್ಪಲಿ ಮೆಟ್ಟಲು ಬೇಕಾಗುವುದಕ್ಕಿಂತ ಬಹಳ ಹೊತ್ತು ಬಾಗಿಲಲ್ಲಿ ನಿಂತ. ಈಗ ಅಂದಾನು, ಈಗ ಅಂದಾನು ಎಂದು ಅವ್ವ ಕಂಬ ಹಿಡಿದು ಕಾಯ್ದಳು. 'ಬಾ' ಎಂಬ ಆ ಒಂದು ಅಕ್ಷರ ಅವನ ಗಂಟಲು ದಾಟಲಿಲ್ಲ. ಬದಲಿಗೆ ನನ್ನ ಕಡೆ ತಿರುಗಿ, "ಅಣ್ಣಾ, ಆ ಪೆಟ್ಟಿಗಿ ಕೊಡು, ನಾನೂ ಒಂದ್ ಕೈ ನೋಡ್ತೀನಿ" ಎಂದು ತಮ್ಮ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಮಾಲನ್ನು ಮರಳಿಸಲಾಗದಿರುವುದಕ್ಕೆ ಇದೇ ಕಾರಣವೆಂದು ದಯವಿಟ್ಟು ತಿಳಿಯತಕ್ಕದ್ದು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆಗಳು ತೀರ ಸಣ್ಣವು. ಚರ್ಮದ ಬಗೆ ಕೇಳುವ ಜಾಗದಲ್ಲೇ 'ತಮ್ಮ ತಂದೆತಾಯಿ ಇದ್ದಾರೆಯೇ, ಇದ್ದರೆ ನೆಂಟರು ಎಷ್ಟು ಮಂದಿ, ಅವರಲ್ಲಿ ಬಸ್ಸಿನ ಕಿಟಕಿಯ ಬಳಿ ಕೂಡುವವರು ಯಾರು' ಎಂಬ ಪ್ರಶ್ನೆಗಳನ್ನೂ ಸೇರಿಸಬೇಕು. ರಾವೂರಿನಿಂದ ಚಿಂಚೋಳಿಯ ತನಕ ತಮ್ಮ ಪ್ರತಿನಿಧಿಯೊಬ್ಬರು ಪ್ರತಿ ನಿಲ್ದಾಣದಲ್ಲಿಯೂ ಇಳಿದು ಭೀಮಬಾಯಿ ಬದುಕಿದ್ದಾಳೆಂದು ಡಂಗುರ ಸಾರಬೇಕು. ಮತ್ತು ಗಲ್ಲಕ್ಕೆ ಠೀವಿ ಕೊಡಿಸುವಷ್ಟು ವಿದ್ಯೆಯುಳ್ಳ ತಮ್ಮ ಸಂಸ್ಥೆ, ಗಂಡಸರ ಗಂಟಲಲ್ಲಿ ಸಿಕ್ಕಿಕೊಂಡ ಒಂದಕ್ಷರವನ್ನು ಗಾಯವಾಗದಂತೆ ಹೊರತೆಗೆಯುವ ಉಪಕರಣವೊಂದನ್ನು ಬೇಗನೆ ತಯಾರಿಸಬೇಕು. ಕೊಳ್ಳುವವರಲ್ಲಿ ನಾನೇ ಮೊದಲಿಗ.

ತಮ್ಮ ಠೀವಿಯ ಭಾರದಿಂದ ತಲೆಯನ್ನೂ ತುಟಿಯನ್ನೂ ತಗ್ಗಿಸಿ ನಿಂತಿರುವ,
ತಮ್ಮ ವಿಶ್ವಾಸಿ,
ಅಮೃತಪ್ಪ, ರಾವೂರ

ತಾ.ಕ.: ಪತ್ರವನ್ನು ಅಂಚೆಗೆ ಹಾಕುವ ಮೊದಲೇ ಚಿಂಚೋಳಿಯಿಂದ ಫೋನು ಬಂತು. "ಅಣ್ಣಾ, ಆ ಕಂಪನಿ ಕತ್ತಿ ಖರೇನೇ ಜಾರ್ತದ ನೋಡು, ನನ್ ಮೀಸಿನೂ ಹೋಯ್ತು. ಅವ್ವಗ ಹೇಳು" ಎಂದು ಇಟ್ಟುಬಿಟ್ಟ. ಅವ್ವನಿಗೆ ಹೇಳಿದೆ. "ಮೀಸಿ ಹೋದ ಮನಿಗಿ ಕರೀಲಿ ಅಂತ ಕುಂದ್ರಬಾರ್ದು" ಎಂದವಳೇ ಟ್ರಂಕು ತೆಗೆದು ಒಳ್ಳೆಯ ಸೀರೆ ಎಳೆದಳು. ಸೀರೆಯ ಮಡಿಕೆಯಿಂದ ತಮ್ಮ ಕತ್ತಿ ಠಣ್ಣೆಂದು ಫರ್ಸಿಯ ಮೇಲೆ ಬಿತ್ತು. ಅಂಥದ್ದು ಗಂಡಸರ ಕೈಗೆ ಸಿಗಬಾರದೆಂದು ನನಗೆ ಹೇಳದೆ ನನ್ನ ಮೀಸೆ ಹೋದ ದಿನವೇ ಅಲ್ಲಿ ಬಚ್ಚಿಟ್ಟಿದ್ದಳಂತೆ. ರಮೇಶಕುಮಾರ ಒಯ್ದದ್ದು ಕತ್ತಿಯಿಲ್ಲದ ಪೆಟ್ಟಿಗೆ. ಅವ್ವ ಕತ್ತಿಯನ್ನು ನೋಡಿದಳು, ನನ್ನನ್ನು ನೋಡಿದಳು, ಅದನ್ನು ಮತ್ತೆ ಟ್ರಂಕಿನಲ್ಲಿಟ್ಟು ಬೀಗ ಹಾಕಿ, "ಬಸ್ಸು ಎಷ್ಟೊತ್ತಿಗಿ ಅದನೋ?" ಎಂದಷ್ಟೇ ಕೇಳಿದಳು. ಆದ್ದರಿಂದ ಮುಂದಿನ ಗಿರಾಕಿಗಳಿಗೆ ತಾವು ಪೆಟ್ಟಿಗೆಯನ್ನು ಖಾಲಿಯಾಗಿಯೇ ಕಳುಹಿಸುವುದು ಒಳ್ಳೆಯದು. ಕತ್ತಿ ಇಲ್ಲದಿದ್ದಾಗ ತಮ್ಮ ಮಾಲು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.