ಅತ್ತೆಯ ಕಣ್ಣಿಗೆ ಮೊದಲ ಬೆಳಕು

ನನ್ನ ಸೋದರಮಾವನವರಿಗೆ ಅಕ್ಕೂರಿನಲ್ಲಿ ಒಂದು ಹಿಪ್ಪುನೇರಳೆ ತೋಟ, ಒಂದು ರೇಷ್ಮೆಹುಳುವಿನ ಮನೆ ಇವೆ. ಮಿಕ್ಕ ಸ್ಥಿರಾಸ್ತಿಯೆಲ್ಲ ನೆಪ್ಚೂನ್ ಗ್ರಹದಿಂದ ಆಚೆಗೆ! ಉತ್ಪ್ರೇಕ್ಷೆ ಎನ್ನಬೇಡಿ. ಚನ್ನಪಟ್ಟಣದ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿದರೆ ತಲೆ ಕೆರೆದುಕೊಳ್ಳುವ ಈ ಮಹನೀಯರು, ಗುರುಗ್ರಹಕ್ಕೆ ಹೊರಟ ನೌಕೆ ಈಗ ಎಲ್ಲಿದೆಯೆಂದರೆ ಮುಂದಿನ ಸ್ಟಾಪಿನಲ್ಲಿ ಇಳಿಯುವವರ ಹಾಗೆ ಉತ್ತರಿಸುತ್ತಾರೆ.

ಶನಿಗ್ರಹದ ಸುತ್ತ ಇನ್ನಷ್ಟು ಚಂದ್ರರು ಪತ್ತೆಯಾದ ಸುದ್ದಿ ಮೊಬೈಲಿಗೆ ಬಂದ ದಿನ ಬೀದಿಗೆಲ್ಲ ಮೈಸೂರು ಪಾಕು ಹಂಚಿದರು. ಪಕ್ಕದ ಮನೆಯವನು ಅರ್ಧ ತಿಂದು, "ಯಾರ್ಗಣ್ಣ ಮಗು ಆಗಿರಾದು?" ಎಂದ.

"ಶನಿಗೆ ಕಣ್ಲಾ! ಒಂದಲ್ಲ, ದೊಡ್ಡಿ ತುಂಬ!"

ಅವನು ಉಳಿದರ್ಧವನ್ನು ಮೆಲ್ಲಗೆ ಗೋಡೆಯ ಮೇಲಿಟ್ಟು, ಶನಿವಾರ ಎಳ್ಳುಬತ್ತಿ ಹಚ್ಚಿಬಂದ.

ಆಮೇಲೆ ಚಿಲಿ ದೇಶದ ಬೆಟ್ಟದ ಮೇಲಿನ ಹೊಸ ವೀಕ್ಷಣಾಲಯ. ಅದರ ಕನ್ನಡಿಯ ಅಗಲ ತೋರಿಸಲು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನೆಲ್ಲ ಅಂಗಳದಲ್ಲಿ ಜೋಡಿಸಿ, ಮಧ್ಯೆ ನಿಂತು ನನಗೆ ಪಾಠ ಶುರುಮಾಡಿದರು.

"ಟೆಲಿಸ್ಕೋಪು ಮೊದಲ್ನೇ ಸಲ ಕಣ್ಬುಡೋದಕ್ಕೆ ಮೊದಲ ಬೆಳಕು ಅಂತಾರೆ ಕಣ್ಲಾ. ಏನ್ ತೋರಿಸ್ಬೇಕು ಅಂತ ಮುಂಚೇನೆ ಆರಿಸಿಟ್ಟಿರ್ತಾರೆ. ಕಂಡಿದ್ದೆಲ್ಲ ನೋಡಕ್ಕೆ ಅದೇನ್ ನಿನ್ ಕಣ್ಣಾ?"

ಅತ್ತೆ ಒಳಗಿನಿಂದ ಕೂಗಿದರು: "ಮೊದ್ಲು ಆ ಚಂದ್ರಿಕೆ ತನ್ನಿ. ಹುಳ ಹಣ್ಣಾಗವೆ!"

ಅವು ಹಣ್ಣಾಗಿರಲಿಲ್ಲ.

ಗೂಡು ಕಟ್ಟಲು ಸಿದ್ಧವಾದ ಹುಳುವಿನ ಮೈ ಹಳದಿಗೆ ತಿರುಗುತ್ತದೆ; ಹಣ್ಣಾಗುವುದೆಂದರೆ ಅದು. ಅದನ್ನು ಆರಿಸುವುದರಲ್ಲಿ ಅತ್ತೆಯ ಕಣ್ಣಿಗೆ ಊರಲ್ಲೇ ಎದುರಿರಲಿಲ್ಲ. ಅಂದು ಅವರು ಚಂದ್ರಿಕೆಗೆ ಬಿಟ್ಟ ಹುಳುಗಳೆಲ್ಲ ಇನ್ನೂ ಬೆಳ್ಳಗಿದ್ದು, ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು. ಪೊರೆ ಬಂದ ಕಣ್ಣಿಗೆ ಲೋಕವೇ ಹಳದಿಯಾಗಿತ್ತು!

ಮಾವ ಜಗಲಿಯ ಮೇಲೆ ಕುಸಿದು ಕುಳಿತರು. "ಚಿಲಿ ಕನ್ನಡಿ ಮೇಲೆ ಧೂಳು ಕೂತ್ರೆ ನಂಗೆ ಗೊತ್ತಾಯ್ತದೆ. ಎದುರಿಗಿರೋ ಕಣ್ಣು ಮಂಜಾಗಿದ್ದು ಗೊತ್ತಾಗ್ಲಿಲ್ವಲ್ಲೋ!"

ಆಪರೇಷನ್ನಿಗೆ ಅತ್ತೆ ಒಪ್ಪಬೇಕಲ್ಲ! "ಇರೋ ಬೆಳಕೂ ಹೋದ್ರೆ? ಹುಳ ಮುಟ್ದೆ ನಾನ್ ಹೆಂಗಿರ್ಲಿ?" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ಅಲ್ಲ ಕಣಮ್ಮಿ, ಆಕಾಸದಲ್ಲಿ ತೇಲೋ ಟೆಲಿಸ್ಕೋಪಿಗೇ ಕಣ್ಣು ಮಂಜಾಗಿತ್ತು. ರಾಕೆಟ್ಟಲ್ಲಿ ಹೋಗಿ ಕನ್ನಡಕ ಹಾಕ್ಬಂದ್ರು. ರಾಮನಗರದ ಆಸ್ಪತ್ರೆ ಅದಕ್ಕಿಂತ ದೂರನಾ?"

ಅತ್ತೆ ಬಸ್ಸು ಹತ್ತಿದರು.

ಕಣ್ಣಿನ ಪಟ್ಟಿ ಬಿಚ್ಚುವ ಬೆಳಿಗ್ಗೆ ಮಾವ ಸ್ಟುಡಿಯೋದಲ್ಲಿ ಮಾಡಿಸಿದ ಶನಿಗ್ರಹದ ಭಾರಿ ಚಿತ್ರವೊಂದನ್ನು ಎದೆಗೆ ಒತ್ತಿ ಹಿಡಿದು ಮಂಚದ ಮುಂದೆ ನಿಂತರು. ಅತ್ತೆಯ ಮೊದಲ ಬೆಳಕಿಗೆ ಅವರು ಆರಿಸಿದ್ದು ಬಳೆ ತೊಟ್ಟ ಆ ಗ್ರಹವನ್ನೇ.

"ಏನ್ ಯಜಮಾನ್ರೇ, ಕ್ಯಾಲೆಂಡರಾ?" ಎಂದರು ನರ್ಸಮ್ಮ.

ಪಟ್ಟಿ ಬಿಚ್ಚಿತು. ಅತ್ತೆ ರೆಪ್ಪೆ ಬಡಿದರು. ಮಾವ ಚಿತ್ರವನ್ನು ಮೇಲಕ್ಕೆತ್ತಿದರು.

"ಆ ತಟ್ಟೆ ಒಸಿ ಪಕ್ಕಕ್ಕಿಡಿ," ಎಂದರು ಅತ್ತೆ. "ನಿಮ್ ಮಕ ಕಾಣಾಕಿಲ್ಲ."

ಮಾವ ಇಳಿಸಿದರು. ಅತ್ತೆ ಬಹಳ ಹೊತ್ತು ನೋಡಿದರು. ಕೈ ಚಾಚಿ ತಲೆ ಸವರಿದರು.

"ಅಯ್ಯೋ, ಇಷ್ಟ್ ಬೆಳ್ಳಗಾಗೋಗದಲ್ರೀ ಕೂದ್ಲು! ಯಾವಾಗ?"

ಯಾವ ಚಂದ್ರ ಯಾವಾಗ ಸಿಕ್ಕಿದನೆಂದು ಬಾಯಿಪಾಠ ಒಪ್ಪಿಸುವ ಮಾವನವರಿಗೆ ಇದು ಗೊತ್ತಿರಲಿಲ್ಲ. ತಲೆ ಬಗ್ಗಿಸಿ, ಅತ್ತೆ ಸವರುವಷ್ಟು ಹೊತ್ತೂ ಹಾಗೇ ನಿಂತಿದ್ದರು.

ಶನಿ ಮಂಚದ ಕೆಳಗೆ ಬಿದ್ದಿದ್ದ. ಅವನನ್ನು ಕೇಳುವವರೇ ಇರಲಿಲ್ಲ.