ಅಮೆರಿಕದ ಎಣಿಕೆಯೂ ಬನಶಂಕರಿಯ ವಾಲ್ವೂ

ನನಗೆ ಓಟಿಲ್ಲದ ಚುನಾವಣೆಗಳ ಮೇಲೆಯೇ ನನಗೆ ಹುಚ್ಚು ಜಾಸ್ತಿ. ದೌರ್ಬಲ್ಯವೇ, ಒಪ್ಪಿಕೊಳ್ಳುತ್ತೇನೆ. ಆ ವರ್ಷ ಅಮೆರಿಕದಲ್ಲಿ ಅಧ್ಯಕ್ಷ ಪದವಿಗೆ ಪಕ್ಷದಿಂದ ಯಾರು ನಿಲ್ಲಬೇಕೆಂಬುದಕ್ಕೇ ಒಂದು ಚುನಾವಣೆ ನಡೆದಿತ್ತು. ಅದೂ ಒಂದೊಂದು ರಾಜ್ಯಕ್ಕೆ ಒಂದೊಂದು ದಿನ. ತಿಂಗಳುಗಟ್ಟಲೆ ಕಳೆದರೂ ಮುಗಿಯದೆ ಮೆಗಾ ಧಾರಾವಾಹಿಯಂತೆ ಎಳೆಯುತ್ತಿತ್ತು. ನಾನು ಮುಂದಿದ್ದ ಯುವಕನ ಕಡೆ. ಹಿಂದೆ ಬಿದ್ದರೂ ಪಟ್ಟು ಬಿಡದ ಅವನ ಎದುರಾಳಿ ಹೆಣ್ಣುಮಗಳಿಗೆ, "ಸಾಕು ತಾಯಿ, ಮರ್ಯಾದೆಯಾಗಿ ಬಿಟ್ಕೊಡಿ" ಎಂದು ದಿನಾ ಟೀವಿಯ ಮುಂದೆ ಬುದ್ಧಿ ಹೇಳುತ್ತಿದ್ದೆ. "ಅವ್ರಿಗೆ ಕೇಳ್ಸಲ್ಲ, ಹೋಗಿ ವಾಲ್ವ್ ನೋಡಿ" ಎನ್ನುತ್ತಿದ್ದಳು ಹೆಂಡತಿ ಸರಸ.

ತೊಂದರೆಯೆಂದರೆ, ಅಲ್ಲಿ ರಾತ್ರಿ ಮತ ಎಣಿಸುವ ಹೊತ್ತಿಗೆ ಇಲ್ಲಿ ಬೆಳಗಿನ ಏಳು ಗಂಟೆ. ಬನಶಂಕರಿಯ ನಮ್ಮ ಬೀದಿಗೆ ಕಾವೇರಿ ನೀರು ಬರುವುದೂ ಆಗಲೇ, ದಿನ ಬಿಟ್ಟು ದಿನ, ಒಂದೇ ಗಂಟೆ. ಮೊದಲ ಕೆಂಪು ನೀರನ್ನು ಚರಂಡಿಗೆ ಬಿಟ್ಟು, ತಿಳಿಯಾದ ಮೇಲೆ ವಾಲ್ವ್ ತಿರುಗಿಸಿ ನೆಲದಡಿಯ ಸಂಪಿಗೆ ಹರಿಸಬೇಕು. ಅದಕ್ಕೊಂದು ಕಬ್ಬಿಣದ ಚಾವಿ. ಹದಿನೈದು ವರ್ಷದಿಂದ ಅದು ನನ್ನ ಅಧಿಕಾರದಲ್ಲಿತ್ತು.

ಎಣಿಕೆ, ನೀರು ಎರಡೂ ಕೂಡಿ ಬಂದ ಒಂದು ದಿನ, ಮಹಡಿಯ ಬಾಡಿಗೆಯವರಾದ ಧಾರವಾಡದ ಶಾಂತಕ್ಕನ ಮೊಮ್ಮಗುವಿಗೆ ತೊಟ್ಟಿಲ ಶಾಸ್ತ್ರ. ಇಪ್ಪತ್ತು ಮಂದಿ ನೆಂಟರು ಹಿಂದಿನ ದಿನವೇ ಬಂದಿಳಿದಿದ್ದರು. ಸಂಪು, ಟ್ಯಾಂಕು ಎರಡರ ತಳವೂ ಕಾಣುತ್ತಿತ್ತು. ಚರಂಡಿಗೆ ಬಿಟ್ಟ ನೀರು ತಿಳಿಯಾಗುವಷ್ಟರಲ್ಲಿ ಒಂದು ರಾಜ್ಯ ನೋಡಿ ಬರೋಣವೆಂದು ಒಳಗೆ ಹೋದೆ. ಇಬ್ಬರ ನಡುವೆ ಕೂದಲೆಳೆಯ ಅಂತರ, ಇನ್ನೊಂದೇ ಜಿಲ್ಲೆ ಬಾಕಿ. ಅದೊಂದು ಬರಲಿ ಎಂದು ಕೂತೆ. ಕೊನೆಗೂ ಬಂತು, ನಮ್ಮ ಹುಡುಗ ಸೋತ. ಆಗಲೇ ಮಹಡಿಯಿಂದ ಶಾಂತಕ್ಕನ ಕೂಗು.

"ಅಣ್ಣಾರ, ನಳದಾಗ ನೀರ ಬರವಲ್ದಲ್ರೀ! ಕೂಸಿಗೆ ಎರೀಬೇಕಿತ್ತು!"

ಓಡಿದೆ. ಪೈಪಿನಲ್ಲಿ ಬರೀ ಗಾಳಿ. ಒಂದು ಗಂಟೆಯ ಕಾವೇರಿ ಪೂರ್ತಿ ಚರಂಡಿ ಪಾಲಾಗಿದ್ದಳು. ಎದುರುಮನೆಯವರ ಕೈಕಾಲು ಹಿಡಿದು ಅವರ ಸಂಪಿನಿಂದ ನೀರು ಹೊತ್ತೆವು. ರೇಷ್ಮೆ ಸೀರೆಯ ನೆಂಟರೆಲ್ಲ ಬಿಂದಿಗೆ ಹಿಡಿದು ಸಾಲುಗಟ್ಟಿದ್ದರು, ಮುಂದೆ ನಾನು. ಕೂಸಿಗೆ ಅಂತೂ ನೀರೆರೆದರು. ಶಾಂತಕ್ಕ ಬೈಯಲಿಲ್ಲ. "ಇರ್ಲಿ ಬಿಡ್ರಿ. ಅಂದಂಗ, ಯಾರ್ ಗೆದ್ರು?" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಸಂಜೆ ಸರಸ ಕೈ ಚಾಚಿದಳು. "ಚಾವಿ ಕೊಡಿ. ಇನ್ಮೇಲೆ ನಾನ್ ನೋಡ್ಕೋತೀನಿ."

ಚಾವಿಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ. "ಇಷ್ಟಕ್ಕೇ ತೀರ್ಮಾನ ಮಾಡ್ಬೇಡ ಕಣೇ. ನಾಡಿದ್ದು ಮತ್ತೆ ನೀರು ಬರುತ್ತಲ್ಲ, ಅದೊಂದು ನೋಡೋಣ."

"ಸಾಕು ಸ್ವಾಮಿ," ಎಂದಳು, "ಮರ್ಯಾದೆಯಾಗಿ ಬಿಟ್ಕೊಡಿ."

ಅಮೆರಿಕದ ಆ ಹೆಣ್ಣುಮಗಳ ಸಂಕಟ ನನಗೆ ಅಂದು ಮೊದಲ ಸಲ ಅರ್ಥವಾಯಿತು. ಆದರೂ ಚಾವಿ ಕೊಡಲಿಲ್ಲ.