ಕಾಂತರಾಜು ಮೈ ಮುರಿದ ದಿನ

ಟೀ ಅಂಗಡಿಯಲ್ಲಿ ಆ ಹುಡುಗಿ ಕೇಳಿದಾಗ ಕಾಂತರಾಜು ‘ಆಗಲ್ಲ’ ಎಂದುಬಿಟ್ಟಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಆದರೆ ‘ಆಗಲ್ಲ’ ಎಂಬ ಮಾತು ಅವನ ಬಾಯಿಂದ ಯಾವತ್ತೂ ಹೊರಬಂದದ್ದಿಲ್ಲ. ಹೊಟ್ಟೆಯಿಂದ ಹೊರಡುತ್ತದೆ, ಗಂಟಲ ತನಕ ಬರುತ್ತದೆ, ಅಲ್ಲಿ ಎದುರಿಗಿರುವವರ ಮುಖ ನೋಡಿ ನಾಚಿಕೊಂಡು ‘ಆಯ್ತು ಬಿಡಿ’ ಆಗಿ ಹೊರಬೀಳುತ್ತದೆ. ಹೀಗಾಗಿ ದೊಡ್ಡಬಳ್ಳಾಪುರ ರಸ್ತೆಯ ಆ ಸರ್ಕಾರಿ ಕಚೇರಿಯಲ್ಲಿ (ಯಾವ ಇಲಾಖೆ ಎಂದು ಹೇಳುವುದು ಬೇಡ, ಅಲ್ಲಿ ನಮಗೂ ಒಂದು ಕೆಲಸ ಬಾಕಿಯಿದೆ) ಅವನ ಮೇಜಿನ ಮೇಲೆ ಅವನ ಫೈಲುಗಳಿಗಿಂತ ಬೇರೆಯವರ ಫೈಲುಗಳೇ ಹೆಚ್ಚು.

ಹುಡುಗಿಯ ಹೆಸರು ಸಿಂಚನ. ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಳು.

“ಆಫೀಸಲ್ಲಿ ಕೆಲಸ ಮಾಡೋರು ದಿನವಿಡೀ ಕೂತೇ ಇರ್ತಾರೆ ಸರ್. ಬೆನ್ನು ಹೋಗುತ್ತೆ, ಕತ್ತು ಹೋಗುತ್ತೆ. ಆದ್ರೂ ಎದ್ದು ಮೈ ಮುರಿಯಲ್ಲ. ಒಬ್ಬರು ಎದ್ದು ಕೈ ಮೇಲೆತ್ತಿ ಮುರಿದ್ರೆ ಪಕ್ಕದವರೂ ಮುರೀತಾರಾ? ಯಾರನ್ನ ನೋಡಿ ಮುರೀತಾರೆ? ಅದನ್ನ ಅಳೀಬೇಕು. ಆ ಒಬ್ಬರು ನೀವಾಗ್ಬೇಕು.”

“ನಾನೇ ಯಾಕಮ್ಮ?”

“ನಿನ್ನೆ ಬೆಂಚಲ್ಲಿ ಕೂತು ನೋಡ್ದೆ. ನಿಮ್ಮನ್ನ ಯಾರೂ ನೋಡಲ್ಲ ಸರ್. ಅಂಥೋರೇ ಬೇಕಿತ್ತು.”

ಹೀಗೆಂದರೆ ಬೇರೆಯವರು ನೊಂದುಕೊಳ್ಳುತ್ತಿದ್ದರು. ಕಾಂತರಾಜುವಿಗೆ, ಅಷ್ಟಾದರೂ ನೋಡಿದ್ದಾಳಲ್ಲ ಎನ್ನಿಸಿತು.

ಕೆಲಸ ಸುಲಭದ್ದೇ. ಅವನ ಜೇಬಿನ ಫೋನನ್ನು ಅವಳು ಆಗಾಗ ಗುಂಯ್‌ಗುಡಿಸುತ್ತಾಳೆ. ಗುಂಯ್ ಎಂದಾಗ ಇವನು ಎದ್ದು ನಿಂತು, ಬೆರಳು ಹೆಣೆದು, ಎರಡೂ ಕೈ ತಲೆಯ ಮೇಲೆತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿ ಕೂತುಕೊಳ್ಳಬೇಕು. ಯಾಕೆಂದು ಯಾರಿಗೂ ಹೇಳುವಂತಿಲ್ಲ. ಗೊತ್ತಾದರೆ ಜನ ಬೇಕೆಂದೇ ಮಾಡುತ್ತಾರೆ, ಇಲ್ಲವೇ ಬೇಕೆಂದೇ ಬಿಡುತ್ತಾರೆ, ಲೆಕ್ಕ ಕೆಡುತ್ತದೆ.

“ಆಯ್ತು ಬಿಡಿ” ಎಂದ ಕಾಂತರಾಜು. ಅವನ ಮನಸ್ಸೆಲ್ಲ ಬೇರೆ ಕಡೆ ಇತ್ತು. ಅವನ ಮನೆ ಹೊಸಕೋಟೆಯ ಆಚೆ ಜಡಿಗೇನಹಳ್ಳಿ. ಕೋಳಿ ಕೂಗುವ ಹೊತ್ತಿಗೆ ಬಸ್ಸು ಹತ್ತಿ, ಹೊಸಕೋಟೆಯಲ್ಲಿ ಇಳಿದು, ದೇವನಹಳ್ಳಿಯಲ್ಲಿ ಇಳಿದು, ಮತ್ತೆ ಹತ್ತಿ ಕಚೇರಿ ಸೇರುವಷ್ಟರಲ್ಲಿ ಬೆನ್ನು ಒಣಗಿದ ಕಬ್ಬಿನ ಜಲ್ಲೆಯಂತಾಗಿರುತ್ತಿತ್ತು. ಹೊಸಕೋಟೆಯಲ್ಲಿ ಈಗ ಒಂದು ಜಾಗ ಖಾಲಿಯಾಗಿತ್ತು. ವರ್ಗಾವಣೆ ಅರ್ಜಿ ಸಾಹೇಬರಾದ ಆದಿನಾರಾಯಣಪ್ಪನವರ ಮೇಜಿನ ಗಾಜಿನ ಕೆಳಗೆ ತಿಂಗಳುಗಟ್ಟಲೆಯಿಂದ ಮಲಗಿತ್ತು. ಅದು ನಾಳೆ ಸಂಜೆಯ ಟಪಾಲಿಗೆ ಹೋಗದಿದ್ದರೆ ಮುಗಿಯಿತು. ಬೆಳಿಗ್ಗೆ ಹೆಂಡತಿ ಪದ್ಮಶ್ರೀ ಊಟದ ಡಬ್ಬಿ ಕೊಡುತ್ತಲೇ ಹೇಳಿದ್ದಳು: “ಇವತ್ತು ಸೈನ್ ಹಾಕಿಸ್ಕೊಂಡು ಬರ್ಲಿಲ್ಲ ಅಂದ್ರೆ ಅಲ್ಲೇ ಫೈಲ್ನ ತಲೆದಿಂಬು ಮಾಡ್ಕೊಂಡು ಮಲ್ಕೊಳ್ಳಿ.”

ಮೊದಲ ಸಲ ಫೋನು ಗುಂಯ್‌ಗುಟ್ಟಿದಾಗ ಅವನನ್ನು ನೋಡಿದವಳು ಕಚೇರಿಯ ಆಳು ಕದಿರಮ್ಮ ಒಬ್ಬಳೇ.

“ಬೆಳಬೆಳಿಗ್ಗೆನೇ ಮೈ ಮುರೀಬ್ಯಾಡ ಕಣಣ್ಣ. ಮನೇಲಿರೋ ಲಕ್ಷ್ಮಿ ಎದ್ದೋಗ್ತಾಳೆ.”

ಎರಡನೆಯ ಸಲ ಗುಂಯ್‌ಗುಟ್ಟಿದ್ದು ಬಹಳ ಕೆಟ್ಟ ಗಳಿಗೆಯಲ್ಲಿ. ಪಕ್ಕದ ಮೇಜಿನ ಕೆಂಪರಾಜ್‌ನ ಎದುರು ಆವಲಪ್ಪ ಎಂಬ ರೈತ ಚಕೋತ ಹಣ್ಣಿನ ಚೀಲ ಹಿಡಿದು ನಿಂತಿದ್ದ. ಹಣ್ಣಿನಡಿಯಲ್ಲಿ ಒಂದು ಕವರಿರುತ್ತದೆ ಎಂಬುದು ಹಣ್ಣಿಗೂ ಗೊತ್ತಿದ್ದ ಸಂಗತಿ. “ನಮ್ ತೋಟದ್ದು ಸ್ವಾಮಿ, ಮನೆಗಿರ್ಲಿ” ಎಂದ ಆವಲಪ್ಪ. ಕೆಂಪರಾಜ್ ಕೈ ಚಾಚಿದ. ಅಷ್ಟರಲ್ಲಿ ಕಾಂತರಾಜು ಎದ್ದು ಎರಡೂ ಕೈ ಮೇಲೆತ್ತಿ ಎಡಕ್ಕೆ ಬಾಗಿದ, ಬಲಕ್ಕೆ ಬಾಗಿದ. ಬಾಗಿಲ ಬಳಿಯ ಬೆಂಚಿನಲ್ಲಿದ್ದ ಸಿಂಚನ ಅವನನ್ನೇ ನೋಡುತ್ತ, ಕೈಯಲ್ಲಿದ್ದ ಸಣ್ಣ ಎಣಿಕೆ ಯಂತ್ರವನ್ನು ಟಕ್ ಎಂದು ಒತ್ತಿದಳು.

ಹೋದ ತಿಂಗಳು ಬೇರೊಂದು ಜಿಲ್ಲೆಯಲ್ಲಿ ಒಬ್ಬ ಲಂಚಕ್ಕೆ ಕೈ ಚಾಚಿ ಸಿಕ್ಕಿಬಿದ್ದ ಕತೆ ಇಲ್ಲಿ ಟೀ ಜೊತೆ ದಿನವೂ ನಡೆಯುತ್ತಿತ್ತು. ಅಲ್ಲಿ ಯಾರೋ ಟವಲಿನಿಂದ ತಲೆ ಒರೆಸಿಕೊಂಡದ್ದೇ ಸನ್ನೆಯಂತೆ. ಬೆಂಚಿನಲ್ಲಿ ಸುಮ್ಮನೆ ಕೂತಿದ್ದವರೆಲ್ಲ ಎದ್ದು ಬಂದು ಹಿಡಿದರಂತೆ. ಕೆಂಪರಾಜ್‌ನ ಕೈ ಕಾದ ಹೆಂಚು ಮುಟ್ಟಿದಂತೆ ಹಿಂದಕ್ಕೆ ಹಾರಿತು. ಒಂದು ಕೈ ಸಾಲದೆಂದು ಎರಡನ್ನೂ ಮೇಲೆತ್ತಿದ.

“ನಾನ್ ಮುಟ್ಟಿಲ್ಲ! ಎಲ್ರೂ ನೋಡಿ, ನಾನ್ ಮುಟ್ಟಿಲ್ಲ!”

ಟಕ್.

“ಹುಳಿ ಇಲ್ಲ ಸ್ವಾಮಿ, ಸಕ್ರೆ ಇದ್ದಂಗೈತೆ” ಎಂದ ಆವಲಪ್ಪ ಗಾಬರಿಯಾಗಿ.

“ಹಣ್ಣು ಬೇಡ ಯಜಮಾನ್ರೇ! ನಿಮ್ ಕೆಲಸ ಆಗೋಯ್ತು, ತಗೊಳ್ಳಿ, ಹೊರಡಿ!”

ಕಳೆದ ಯುಗಾದಿಯಿಂದ ಆಗದಿದ್ದ ಕೆಲಸ ಆದದ್ದನ್ನು ನೋಡಿ ಆವಲಪ್ಪ ಕಾಗದವನ್ನು ಎರಡೆರಡು ಸಲ ತಿರುಗಿಸಿ ನೋಡಿದ. “ಏನಾರ ತಪ್ಪು ಮಾಡುದ್ನಾ ಸ್ವಾಮಿ?” ಎನ್ನುತ್ತ ಚೀಲ ಎದೆಗವಚಿಕೊಂಡು ಹಿಂದು ಹಿಂದಕ್ಕೇ ನಡೆದು ಬಾಗಿಲು ದಾಟಿದ.

ಕೆಂಪರಾಜ್ ಕಾಂತರಾಜುವನ್ನು ನೀರಿನ ಡ್ರಮ್ಮಿನ ಹಿಂದಕ್ಕೆ ಎಳೆದುಕೊಂಡು ಹೋದ.

“ಲೇ ಕಾಂತ, ನಿಜ ಹೇಳು. ಆ ಹುಡುಗಿ ಯಾರೋ?”

ಕಾಂತರಾಜು ಡ್ರಮ್ಮಿನ ನಲ್ಲಿ ನೋಡಿದ.

“ಲೋಕಾಯುಕ್ತನಾ?”

ಮಾತು ಕೊಟ್ಟಾಗಿತ್ತು. ಅವನು ಸುಮ್ಮನೇ ಇದ್ದ. ಕಚೇರಿಯಲ್ಲಿ ಮೌನ ಎಂಬುದು ಹೊಸದಲ್ಲ. ಕೇಳಿದ್ದಕ್ಕೆ ಉತ್ತರವಿಲ್ಲದವನ ಮೌನ, ಉತ್ತರವಿದ್ದೂ ಹೇಳಲು ಏನೋ ನಿರೀಕ್ಷಿಸುವವನ ಮೌನ, ಊಟವಾದ ಮೇಲಿನ ಮೌನ ಎಲ್ಲ ಅಲ್ಲಿ ದಿನವೂ ಇದ್ದವೇ. ಆದರೆ ಇಷ್ಟು ದಿನ ಯಾರೂ ಕೇಳಿಸಿಕೊಳ್ಳದಿದ್ದ ಕಾಂತರಾಜುವಿನ ಮೌನ ಈಗ ಡ್ರಮ್ಮಿನ ಹಿಂದೆ ಸಿಡಿಲಿನಂತೆ ಕೇಳಿಸಿತು.

“ಗೊತ್ತಾಯ್ತು ಬಿಡು ಗುರು. ಮಾತಾಡಂಗಿಲ್ಲ ಅಲ್ವಾ? ಕಣ್ಣಲ್ಲೇ ಹೇಳ್ಬಿಟ್ಟೆ.”

ಕಾಂತರಾಜು ಕಣ್ಣಿಗೆ ಬಿದ್ದ ಧೂಳು ತೆಗೆದುಕೊಳ್ಳುತ್ತಿದ್ದ, ಅಷ್ಟೇ.

ಮುಂದಿನ ಗುಂಯ್ ಬರುವಷ್ಟರಲ್ಲಿ ಇಡೀ ಕಚೇರಿಗೆ ಸುದ್ದಿಯಾಗಿತ್ತು. ಕಾಂತರಾಜು ಎದ್ದು ಕೈ ಎತ್ತಿದ. ನಾನು ಏನೂ ಮುಟ್ಟಿಲ್ಲ, ನನ್ನದೇನೂ ಇಲ್ಲ ಎಂದು ತೋರಿಸಲು ಒಬ್ಬೊಬ್ಬರೂ ಕೈ ಎತ್ತಿದರು. ಅವನು ಬಾಗಿದ ಕಡೆಗೆ, ಯಾವುದಕ್ಕೂ ಇರಲಿ ಎಂದು, ತಾವೂ ಬಾಗಿದರು. ತೆನೆಗೆ ಬಂದ ಜೋಳದ ಹೊಲದಲ್ಲಿ ಬೆದರುಗೊಂಬೆಗಳೆಲ್ಲ ಒಟ್ಟಿಗೆ ಎದ್ದು ನಿಂತಂತಿತ್ತು. ಲೆಕ್ಕಪತ್ರದ ಪ್ರಮೋದಾ ಡ್ರಾಯರನ್ನೂ ಹೊರಗೆಳೆದು ತೋರಿಸಿಯೇ ಕೈ ಎತ್ತಿದಳು. ಕದಿರಮ್ಮ ಟೀ ತಟ್ಟೆ ಸಮೇತ ಎತ್ತಿದ್ದರಿಂದ ಒಂದು ಲೋಟ ಅವಳ ನೆತ್ತಿಗೇ ಅಭಿಷೇಕವಾಯಿತು. ಟಕ್ ಟಕ್ ಟಕ್ ಎಂದು ಒತ್ತಿ ಒತ್ತಿ ಸಿಂಚನಳ ಹೆಬ್ಬೆರಳು ಕೆಂಪಾಯಿತು. ಇಂಥ ಕಚೇರಿಯನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬೆಂಚುಗಳು ಖಾಲಿಯಾದವು. ಯಾರ ಕೆಲಸವೂ ನಿಲ್ಲಲಿಲ್ಲ. ಕಾಂತರಾಜುವಿನ ಕಡೆಗೆ ಫ್ಯಾನು ತಿರುಗಿತು. ಕೇಳದೆಯೇ ವಡೆ ಬಂತು, ಮೇಲೆ ಚಟ್ನಿಯೂ ಬಂತು. ಇದು ತಪ್ಪು ಎಂದು ಅವನಿಗೆ ಗೊತ್ತಿತ್ತು. ವಡೆ ಬಿಸಿಯಾಗಿಯೂ ಇತ್ತು. ತಿಂದ.

ಆಮೇಲೆ ಸಾಹೇಬರ ಕರೆ ಬಂತು.

ಒಳಗೆ ಆದಿನಾರಾಯಣಪ್ಪನವರು ಏಸಿಯಡಿಯಲ್ಲಿ ಬೆವರುತ್ತ ಕೂತಿದ್ದರು. ಬೆಳಿಗ್ಗೆ ಮೇಜಿನ ಮೇಲಿದ್ದ ಸಿಹಿ ಡಬ್ಬಿಗಳೆಲ್ಲ ಮಾಯವಾಗಿದ್ದವು.

“ಕೂತ್ಕೊಳಪ್ಪ ಕಾಂತರಾಜು. ಮನೆ ಕಡೆ ಎಲ್ಲಾ ಚೆನ್ನಾಗಿದಾರಾ? ಯಾವೂರು ನಿಂದು?”

ಆ ಕೋಣೆಯಲ್ಲಿ ಅವನಿಗೆ ಕೂರಲು ಹೇಳಿದ್ದು ಅದೇ ಮೊದಲು. “ಜಡಿಗೇನಹಳ್ಳಿ ಸರ್. ಅದೇ, ಹೊಸಕೋಟೆಗೆ ವರ್ಗಾವಣೆ ಅರ್ಜಿ...”

“ಓ, ಅದಾ! ಇವತ್ತು ಸೈನ್ ಹಾಕ್ಲೇಬೇಕು ಅಂತ ಬೆಳಿಗ್ಗೆ ದೇವರ ಮುಂದೆನೇ ಅಂದ್ಕೊಂಡೆ!” ಸಾಹೇಬರು ಗಾಜೆತ್ತಿ ಅರ್ಜಿ ಹೊರತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು.

ಗುಂಯ್.

ಕಾಂತರಾಜು ಪೆನ್ನನ್ನೇ ನೋಡಿದ. ಈಗ ಏಳುವುದೇ? ಪೆನ್ನು ಕಾಗದದಿಂದ ಒಂದು ಬೆರಳಿನಷ್ಟು ಮೇಲಿತ್ತು. ಆದರೆ ಆಯ್ತು ಬಿಡಿ ಎಂದಿದ್ದನಲ್ಲ. ಎದ್ದ, ಕಣ್ಣು ಮುಚ್ಚಿ ಕೈ ಎತ್ತಿದ.

ಪೆನ್ನು ಕೆಳಗೆ ಬಿದ್ದ ಸದ್ದಾಯಿತು. ಕಣ್ಣು ಬಿಟ್ಟರೆ ಸಾಹೇಬರೂ ನಿಂತಿದ್ದಾರೆ, ಎರಡೂ ಕೈ ಮೇಲೆ.

“ಈ ಉಂಗುರ ನಮ್ ಮಾವ ಕೊಟ್ಟಿದ್ದು ಕಣಪ್ಪ! ಬೇಕಾದ್ರೆ ಮದುವೆ ಫೋಟೋ ತೋರಿಸ್ತೀನಿ!”

ಕೂತ ಮೇಲೆ ಸಾಹೇಬರು ಒಂದಲ್ಲ, ಎರಡು ಕಡೆ ಸೈನ್ ಹಾಕಿದರು. ಕಾಂತರಾಜು ಹೊರಗೆ ಓಡಿ ಬಂದು ಮನೆಗೆ ಫೋನು ಮಾಡಿದ.

“ಸೈನ್ ಆಯ್ತು ಕಣೇ!”

“ಹೌದಾ! ಯಾರ ಕೈ ಹಿಡಿದ್ರಿ?”

“ಯಾರ ಕೈನೂ ಹಿಡೀಲಿಲ್ಲ. ಅವರೇ ಎತ್ತಿದ್ರು” ಎಂದ. ಅವಳಿಗೆ ಅರ್ಥವಾಗಲಿಲ್ಲ. ಅರ್ಥ ಯಾರಿಗೆ ಬೇಕಿತ್ತು? ಒಬ್ಬಟ್ಟು ಮಾಡಿಡುತ್ತೇನೆ ಎಂದಳು. ಪಕ್ಕದ ಮನೆಯವರಿಗೆ ಕೂಗಿ ಹೇಳುತ್ತಿದ್ದದ್ದೂ ಫೋನಿನಲ್ಲಿ ಕೇಳಿಸಿತು.

ಸಂಜೆ ಸಿಂಚನ ಸಾಹೇಬರಿಗೆ ವಂದನೆ ಹೇಳಿ ಹೊರಬಂದವಳು ಕಾಂತರಾಜುವನ್ನು ಮೆಟ್ಟಿಲ ಬಳಿ ಕರೆದಳು. ಮುಖ ಹುಣ್ಣಿಮೆಯಾಗಿತ್ತು.

“ಸರ್, ನೀವು ಸಾಮಾನ್ಯರಲ್ಲ! ನಿಮ್ಮನ್ನ ನೋಡಿ ಇಡೀ ಆಫೀಸೇ ಮೈ ಮುರೀತು! ನಿಮ್ಮನ್ನ ವರ್ಗ ಮಾಡ್ತಿದೀವಿ ಅಂದ್ರು ಸಾಹೇಬ್ರು. ನನ್ನ ಕೆಲಸ ಮುಗಿಯೋ ತನಕ ಇವರನ್ನ ಕಳಿಸ್ಬೇಡಿ ಅಂದೆ. ತಕ್ಷಣ ಒಪ್ಕೊಂಡ್ರು, ಪಾಪ, ತುಂಬಾ ವಿನಯ.”

ಕಾಂತರಾಜುವಿನ ಕಾಲಡಿಯ ಮೆಟ್ಟಿಲು ಕರಗಿತು. “ಯಾವಾಗ ಮುಗಿಯುತ್ತಮ್ಮ?”

“ನಾಳೆ ಒಂದೇ ದಿನ. ಮತ್ತೆ ಇದೇ ಥರ ಎಲ್ರೂ ಕೈ ಎತ್ತಿದ್ರೆ ಮುಗೀತು, ಮಧ್ಯಾಹ್ನವೇ ಸಾಹೇಬ್ರಿಗೆ ಹೇಳ್ಬಿಡ್ತೀನಿ. ಎತ್ತಲಿಲ್ಲ ಅಂದ್ರೆ, ಇವತ್ತು ಎತ್ತಿದೋರು ಯಾಕೆ ನಿಲ್ಲಿಸಿದ್ರು ಅಂತ ನೋಡ್ಬೇಕಲ್ಲ? ಆಗ ನೀವು ವರ್ಷ ಪೂರ್ತಿ ಇಲ್ಲೇ ಇರ್ಬೇಕಾಗುತ್ತೆ.”

ಒಂದು ದಿನ ತಾನೇ? ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ. ನೆಮ್ಮದಿಯಿಂದ ಒಳಗೆ ಬಂದು ಡಬ್ಬಿ ಚೀಲ ಎತ್ತಿಕೊಂಡ. ಮೇಜಿನ ಸುತ್ತ ಎಲ್ಲರೂ ನಿಂತಿದ್ದರು. ಮುಂದೆ ಕೆಂಪರಾಜ್, ಅವನ ಕಣ್ಣಲ್ಲಿ ನೀರು.

“ಕಾಂತ, ಮುಂದಿನ ವಾರ ನಮ್ ಅಕ್ಷತನ ನಿಶ್ಚಿತಾರ್ಥ ಕಣೋ. ಬೀಗರು ಟೀವಿಲಿ ನನ್ನ ಮುಖ ನೋಡಿದ್ರೆ ಮಗಳ ಗತಿ ಏನೋ? ಜೊತೇಲಿ ಉಂಡಿದೀವಿ. ಒಂದ್ ಮಾತು ಹೇಳೋ. ಹಿಡೀತಾರಾ, ಬಿಡ್ತಾರಾ?”

ಕದಿರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಪ್ರಮೋದಾ ಬಿಕ್ಕಿದಳು. ಹೇಳಲ್ಲ ಎಂಬ ಮಾತು ಕಾಂತರಾಜುವಿನ ಹೊಟ್ಟೆಯಿಂದ ಹೊರಟಿತು, ಗಂಟಲ ತನಕ ಬಂದಿತು, ಕೆಂಪರಾಜ್‌ನ ಮುಖ ನೋಡಿತು.

“ಯಾರೂ ಹಿಡಿಯಲ್ಲ ಬಿಡಿ. ಅದು ವ್ಯಾಯಾಮ. ಆಫೀಸಿನವರು ಮೈ ಮುರೀತಾರಾ ಇಲ್ವಾ ಅಂತ ಆ ಹುಡುಗಿ ಎಣಿಸ್ತಿದ್ಲು, ಅಷ್ಟೇ.”

ಮೊದಲು ಕೆಂಪರಾಜ್ ನಕ್ಕ. ಆಮೇಲೆ ಎಲ್ಲರೂ ಮೇಜು ಕುಟ್ಟಿ, ಹೊಟ್ಟೆ ಹಿಡಿದು, ಗೋಡೆಗೊರಗಿ ನಕ್ಕರು. ಆ ನಗುವಿನ ನಡುವೆ ಕಾಂತರಾಜುವಿಗೂ ಧೈರ್ಯ ಬಂತು.

“ನಾಳೆ ಒಂದಿನ ಇದೇ ಥರ ಕೈ ಎತ್ಬಿಡ್ರಪ್ಪ. ನಾನು ಎದ್ದಾಗ ನೀವೂ ಏಳಿ, ಸಾಕು. ನನಗೆ ಹೊಸಕೋಟೆಗೆ ವರ್ಗ ಆಗುತ್ತೆ.”

ನಗು ನಿಂತಿತು.

“ನೀನು ಹೋಗ್ತೀಯಾ?” ಎಂದ ಕೆಂಪರಾಜ್. ಅವನ ಕಣ್ಣು ನಿಧಾನವಾಗಿ ಕಾಂತರಾಜುವಿನ ಮೇಜಿನ ಮೇಲಿನ ಫೈಲು ರಾಶಿಯ ಕಡೆ ಹೋಯಿತು. ಅದರಲ್ಲಿ ಕೆಂಪರಾಜ್‌ನವು ಇದ್ದವು, ಪ್ರಮೋದಾಳವು ಇದ್ದವು. “ಮತ್ತೆ ಇದೆಲ್ಲಾ?”

ಬಾಗಿಲಲ್ಲಿ ಸದ್ದಾಯಿತು. ಸಾಹೇಬರು ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಮಾವ ಕೊಟ್ಟ ಉಂಗುರವನ್ನು ತಿರುಗಿಸುತ್ತ ಬಹಳ ಶಾಂತವಾಗಿ ಹೇಳಿದರು:

“ವ್ಯಾಯಾಮ ಒಳ್ಳೇದಪ್ಪ. ಯಾರಿಗೂ ಬೇಡ ಅನ್ನಲ್ಲ. ಆದ್ರೆ ನಾಳೆ ಯಾರು ಕೈ ಎತ್ತುತ್ತಾರೋ, ಕಾಂತರಾಜು ಹೋದ್ಮೇಲೆ ಈ ಟೇಬಲ್ ಕೆಲಸ ಪೂರ್ತಿ ಅವರದ್ದೇ.”

ನಗುವಾಗ ಮೇಲೆ ಹೋಗಿದ್ದ ಒಂದೆರಡು ಕೈಗಳೂ ಕೆಳಗಿಳಿದವು. ಪ್ರಮೋದಾ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. ಕೆಂಪರಾಜ್ ಕಾಂತರಾಜುವಿನ ಬೆನ್ನು ತಟ್ಟಿದ.

“ನಿನ್ನಂಥೋನು ಸಿಗಲ್ಲ ಕಣೋ. ನಿನ್ನ ಬಿಟ್ಕೊಡೋಕೆ ನಮಗೆ ಮನಸ್ಸು ಬರ್ತಿಲ್ಲ.” ನಿಜವಾಗಿಯೂ ಅವನ ಧ್ವನಿ ನಡುಗುತ್ತಿತ್ತು. “ಅಂದಂಗೆ ಆ ಕೆಳಗಿನ ಎರಡು ಫೈಲು ನಾಳೆಗೆ ಬೇಕಿತ್ತು...”

“ಆಯ್ತು ಬಿಡಿ” ಎಂದ ಕಾಂತರಾಜು.

ದೇವನಹಳ್ಳಿಯಲ್ಲಿ ಹೊಸಕೋಟೆಯ ಬಸ್ಸು ಎಂದಿನಂತೆ ತುಂಬಿ ಬಂತು. ಡಬ್ಬಿ ಚೀಲವನ್ನು ಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಮೇಲಿನ ಸರಳು ಹಿಡಿದು ನಿಂತ. ಜೇಬಿನಲ್ಲಿ ಫೋನು ಗುಂಯ್‌ಗುಟ್ಟತೊಡಗಿತು. ಪದ್ಮಶ್ರೀಯೇ ಇರಬೇಕು, ಒಬ್ಬಟ್ಟು ಆಯಿತು ಎನ್ನಲು. ಎತ್ತಿಕೊಳ್ಳಲು ಕೈ ಬಿಡುವಿರಲಿಲ್ಲ. ಸುಮ್ಮನೆ ತಲೆ ಎತ್ತಿ ನೋಡಿದ.

ಬಸ್ಸಿನ ಈ ತುದಿಯಿಂದ ಆ ತುದಿಯವರೆಗೆ, ಕಾರ್ಖಾನೆಯಿಂದ ಬಂದವರು, ಬ್ಯಾಂಕಿನಿಂದ ಬಂದವರು, ಕಾಲೇಜಿನ ಹುಡುಗಿಯರು, ಸೊಪ್ಪು ಮಾರಿ ಬಂದ ಹೆಂಗಸರು, ನಿಂತಿದ್ದ ಪ್ರತಿಯೊಬ್ಬರ ಕೈಯೂ ತಲೆಯ ಮೇಲಿತ್ತು. ಬಸ್ಸು ಎಡಕ್ಕೆ ತಿರುಗಿತು. ಎಲ್ಲರೂ ಎಡಕ್ಕೆ ಬಾಗಿದರು. ಬಲಕ್ಕೆ ತಿರುಗಿತು, ಎಲ್ಲರೂ ಬಲಕ್ಕೆ ಬಾಗಿದರು.

ಎಣಿಸುವವರು ಯಾರೂ ಇರಲಿಲ್ಲ.